ಗೊತ್ತಿದ್ದ ಪ್ರಶ್ನೆಗಳು

ಮ್ಯಾಡ್ರಿಡ್ಡಿನ ಬಿಸಿನೆಸ್ ಸ್ಕೂಲಿನ ಬೋಳುತಲೆಯ ಪ್ರೊಫೆಸರು ಲ್ಯಾಪ್‌ಟಾಪಿನ ಪರದೆಯೊಳಗಿಂದ ಮೂರನೆಯ ಪ್ರಶ್ನೆ ಕೇಳಿದಾಗ, ಯುದೆಲ್ಕಾಳ ಬೆನ್ನ ಹಿಂದೆ ಚಿಕ್ಕಮ್ಮನ ಸಲೂನು ತುಂಬ ಹೆಂಗಸರು ಉಸಿರು ಬಿಗಿಹಿಡಿದು ಕೂತಿದ್ದರು. “ನಿಮ್ಮ ಬದುಕಿನ ಒಂದು ಸೋಲಿನ ಬಗ್ಗೆ ಹೇಳಿ.”

ಕೇಳುವುದು ಅದನ್ನೇ ಎಂದು ಇಡೀ ಓಣಿಗೆ ಗೊತ್ತಿತ್ತು. ಐದೂ ಪ್ರಶ್ನೆಗಳನ್ನು ಸ್ಕೂಲಿನವರೇ ಮೊದಲು ಕಳಿಸಿದ್ದರು. ವಿದ್ಯಾರ್ಥಿವೇತನದ ಸೀಟು ಇರುವುದು ಒಂದೇ; ಅದು ತಪ್ಪಿದರೆ ಯುದೆಲ್ಕಾ ಮತ್ತೆ ವಿಮಾ ಕಂಪನಿಯ ಕೌಂಟರಿನ ಹಿಂದೆ. ಸಾಂತೋ ದೊಮಿಂಗೋ ನಗರದ ಆ ಭಾಗದಲ್ಲಿ ಕರೆಂಟನ್ನು ನಂಬಿ ಯಾರೂ ಯಾವ ಶುಭಕಾರ್ಯಕ್ಕೂ ಕೈಹಾಕುವುದಿಲ್ಲ. ಬ್ಯಾಟರಿ ಇದ್ದದ್ದು ಚಿಕ್ಕಮ್ಮ ನೆರೇಯ್ದಾಳ ಸಲೂನಿನಲ್ಲಿ ಮಾತ್ರ. ಹಾಗಾಗಿ ತಾಲೀಮೂ ಅಲ್ಲೇ, ಸಂದರ್ಶನವೂ ಅಲ್ಲೇ. ಅದೂ ಶನಿವಾರ. ತಲೆಗೆ ರೋಲರ್ ಸುತ್ತಿಸಿಕೊಳ್ಳದೆ ಭಾನುವಾರವನ್ನು ಎದುರಿಸುವ ಹೆಣ್ಣು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಸೋಲಿನ ಕಥೆ ನಿಜಕ್ಕೂ ಪುಟ್ಟದು. ಕಾಲೇಜಿನಲ್ಲಿದ್ದಾಗ ಅವಳು ಈಸ್ಟರಿಗೆ ಮುಂಚಿನ ಪವಿತ್ರ ವಾರದ ರಜೆಯಲ್ಲಿ ಕಡಲತೀರದಲ್ಲಿ ಮಾರಲೆಂದು ಫ್ರೀಜರ್ ತುಂಬ ಹಣ್ಣಿನ ಐಸ್ ಮಾಡಿಟ್ಟಿದ್ದಳು, ಕರೆಂಟು ಹೋಯಿತು, ಐಸ್ ನೀರಾಯಿತು. ಇಷ್ಟು ಸಪ್ಪೆ ಸೋಲಿಗೆ ಯಾರು ಸೀಟು ಕೊಡುತ್ತಾರೆಂದು ಸಲೂನು ಚಿಂತೆಗೆ ಬಿತ್ತು. ಮೊದಲ ಶನಿವಾರ ಕಥೆಯೊಳಗೆ ಒಬ್ಬ ಪೊಲೀಸ್ ಬಂದ. ಮುಂದಿನ ವಾರ ಫ್ರೀಜರಿನಿಂದ ಕಿಡಿ ಹಾರಿತು. ಆಮೇಲೆ ಓಣಿಯ ಹಿರಿಯರಾದ ಡೋನ್ಯಾ ಮಿಲಾಗ್ರೋಸ್ ಮನಸ್ಸು ಮಾಡಿ ಕಥೆಗೊಂದು ಗೂಡಂಗಡಿ ಸೇರಿಸಿ, ಇಡೀ ಅಂಗಡಿಗೇ ಬೆಂಕಿ ಹಚ್ಚಿ, ಒಳಗೆ ಸಿಕ್ಕಿಬಿದ್ದ ಮುದುಕಿಯೊಬ್ಬಳನ್ನು ಯುದೆಲ್ಕಾಳ ಕೈಯಲ್ಲೇ ಹೊರಗೆಳೆಸಿದರು. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಮುದುಕಿಗೆ ತಮ್ಮ ತಾಯಿಯ ಹೆಸರನ್ನೇ ಇಡಬೇಕೆಂದು ಡೋನ್ಯಾ ಹಠ ಹಿಡಿದದ್ದೂ ಉಂಟು.

“ಐಸ್ ಎಲ್ಲಾ ಕರಗಿಹೋಯ್ತು,” ಎಂದಳು ಯುದೆಲ್ಕಾ ಪರದೆಗೆ. “ಕರೆಂಟು ಹೋಗುತ್ತೆ ಅಂತ ಗೊತ್ತಿದ್ದೂ ನಾನು ಯೋಚನೆ ಮಾಡಿರ್ಲಿಲ್ಲ.”

ಡ್ರೈಯರಿನ ಬಿಸಿಟೋಪಿಯೊಳಗೆ ತಲೆಯಿಟ್ಟು ಕೂತವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಹಾಗೆ ಕೂತಿದ್ದ ಡೋನ್ಯಾಗೆ ಯುದೆಲ್ಕಾಳ ಮಾತು ಕೇಳಿಸದಿದ್ದರೂ, ಕನ್ನಡಿಯಲ್ಲಿ ಅವಳ ತುಟಿ ನೋಡಿಯೇ ಕಥೆ ಎಲ್ಲಿಗೆ ಬಂತೆಂದು ಗೊತ್ತಾಗುತ್ತಿತ್ತು, ಅಷ್ಟು ಬಾಯಿಪಾಠ. ಅವರು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದರು. ಮ್ಯಾಡ್ರಿಡ್ಡಿಗೆ ಕೇಳಿಸಿತು.

“ಅಯ್ಯೋ, ಬೆಂಕೀನೇ ಬಿಟ್ಬಿಟ್ಳಲ್ಲೇ ಇವ್ಳು. ಈಗ ಆ ಮುದುಕಿ ಗತಿ?”

“ಬೆಂಕೀನಾ?” ಎಂದರು ಪ್ರೊಫೆಸರು, ಪೆನ್ನು ಕೈಗೆತ್ತಿಕೊಂಡು.

ಯುದೆಲ್ಕಾ ತಲೆಯೆತ್ತಿದಳು. ಕನ್ನಡಿಯಲ್ಲಿ ಚಿಕ್ಕಮ್ಮ ಬಾಚಣಿಗೆಯಿಂದಲೇ ಸನ್ನೆ ಮಾಡುತ್ತಿದ್ದಳು: ಹೇಳೇ, ಹೊತ್ತಿಸೇ. ಮುದುಕಿ ನಾಲಗೆಯ ತುದಿಯಲ್ಲೇ ಇದ್ದಳು. ನಡೆದದ್ದಕ್ಕಿಂತ ಅವಳೇ ಚೆನ್ನಾಗಿ ಅಭ್ಯಾಸವಾಗಿದ್ದಳು.

“ಬೆಂಕಿ ಇರ್ಲಿಲ್ಲ ಸರ್. ಐಸ್ ಕರಗ್ತು, ಅಷ್ಟೇ. ಬೆಂಕಿ ಹಚ್ಚಿದ್ದು ಇವ್ರು,” ಎಂದವಳೇ ಲ್ಯಾಪ್‌ಟಾಪನ್ನು ಹಿಂದಕ್ಕೆ ತಿರುಗಿಸಿಬಿಟ್ಟಳು.

ಗುಲಾಬಿ, ಹಸಿರು ರೋಲರುಗಳ ತಲೆಗಳೆಲ್ಲ ಒಟ್ಟಿಗೇ ಮ್ಯಾಡ್ರಿಡ್ಡಿನತ್ತ ತೂಗಿದವು. ಪ್ರೊಫೆಸರರ ಭುಜ ನಗುವಿನಿಂದ ಕುಲುಕತೊಡಗಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾಲ್ಕನೆಯ ಪ್ರಶ್ನೆ ತಂಡ ಕಟ್ಟಿದ ಅನುಭವದ ಬಗ್ಗೆ. ರೋಲರುಗಳತ್ತ ಇನ್ನೊಮ್ಮೆ ನೋಡಿ, ಅದನ್ನು ಕೇಳದೆಯೇ ಸರಿ ಎಂದು ಗುರುತು ಹಾಕಿಕೊಂಡರು. ಉಳಿದದ್ದು ಕಡೆಯದು.

“ನಮ್ಮನ್ನ ಏನಾದ್ರೂ ಕೇಳೋದಿದೆಯಾ?”

ಅದಕ್ಕೂ ಅವಳ ಬಳಿ ಘನವಾದದ್ದೊಂದು ತಯಾರಿತ್ತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಸಲೂನಿನ ಕೈಗಳೆಲ್ಲ ಮೇಲೆದ್ದಿದ್ದವು, ಉಗುರಿನ ಬಣ್ಣ ಹಸಿಯಾಗಿದ್ದುದರಿಂದ ಬೆರಳುಗಳನ್ನು ಅಗಲಿಸಿಕೊಂಡು.

“ಆ ನೀಲಿ ಉಗುರಿನವರು ಕೇಳ್ಲಿ,” ಎಂದರು ಪ್ರೊಫೆಸರು.

ಡೋನ್ಯಾ ಟೋಪಿಯಿಂದ ತಲೆ ಹೊರತೆಗೆದರು. ಈ ಸಲ ದನಿ ನಿಜಕ್ಕೂ ಸಣ್ಣದಾಗಿತ್ತು. “ಅಲ್ಲಪ್ಪಾ, ನಿಮ್ಮೂರಲ್ಲಿ ಶನಿವಾರ ಈ ಹುಡುಗಿ ತಲೆ ಬಾಚೋರು ಯಾರು?”

ಪ್ರೊಫೆಸರು ಮುಂದಿದ್ದ ಹಾಳೆಯನ್ನು ನೋಡಿದರು, ತಿರುವಿ ನೋಡಿದರು, ಕೊನೆಗೆ ತಮ್ಮ ಬೋಳುತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿಕೊಂಡರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಮೊದಲೇ ಕಳಿಸಿರಲಿಲ್ಲ.