ಅವ್ವ ಕೇಳಿದರೂ

ಯಾರ ದನಿಯನ್ನಾದರೂ ಯಂತ್ರಗಳು ಥೇಟ್ ಹಾಗೆಯೇ ಹೊರಡಿಸತೊಡಗಿದ ಮೇಲೆ, ಪ್ರತಿ ಊರೂ ಕಂಪ್ಯೂಟರಿನಿಂದ ನಡೆಯುವ ತನ್ನ ನೀರಿನ ಟಾಕಿ ಕಾಯಲು ಒಬ್ಬರನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಸೈಬರ್ ಕಾವಲು ಓದಿಸುತ್ತಿತ್ತು. ಪುರಸಭೆ ಈ ಸಲ ಓದಿಸಿದ್ದು ಪಾರವ್ವನ ಮಗಳು ಶಿವಲೀಲಾಳನ್ನು. ಕೊನೆಯ ಪರೀಕ್ಷೆ ಒಂದೇ: ಮಗಳಿಗೆ ಸುಳಿವು ಕೊಡದೆ ಹೆತ್ತವ್ವನೇ ಫೋನ್ ಮಾಡಿ ಟಾಕಿಯ ಪಾಸ್‌ವರ್ಡ್ ಕೇಳಬೇಕು. ಮಗಳು ಹೇಳಿದಳೋ, ಊರಿನ ಸೀಟು ಹೋಯಿತು.

ಪುರಸಭೆಯ ಸಾಹೇಬರ ಎದುರೇ ಕೂತು ಪಾರವ್ವ ಅತ್ತಳು. "ಲೀಲಾ, ನಳ ಬಂದು ನಾಲ್ಕು ದಿನಾತು. ನಿಮ್ಮಪ್ಪಗ ಕುಡಿಯಾಕ ನೀರಿಲ್ಲವ್ವ. ಪಾಸ್‌ವರ್ಡ್ ಹೇಳು."

ಮಗಳ ಮೆತ್ತನೆಯ ಮನಸ್ಸು ಗೊತ್ತಿದ್ದ ಪಾರವ್ವ, ಹೇಳಿಯೇ ಬಿಡುತ್ತಾಳೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನೀವ್ಯಾರೋ ನನಗ ಗೊತ್ತಿಲ್ಲರಿ," ಎಂದಳು ಶಿವಲೀಲಾ. "ಫೋನ್ ಇಡ್ರಿ."

ಸಾಹೇಬರು ಹಾಳೆಗೆ ಸಹಿ ಹಾಕಿದರು. ಪಾರವ್ವ ಉಸಿರು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಫೋನ್ ಹಚ್ಚಿದಳು.

"ಪಾಸಾದಿ ಮಗಳ. ಅದು ಪರೀಕ್ಷೆ ಇತ್ತು. ನಾ ಖರೇನ ನಿಮ್ಮವ್ವ."

"ಹಂಗನ್ನೋರು ಬಾಳ ಮಂದಿ ಅದಾರ್ರಿ," ಎಂದು ಮಗಳು ಫೋನಿಟ್ಟಳು.

ಪಾರವ್ವನಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಮಗಳಿಗೆ ಮುಖ ತೋರಿಸಿ ಬರಲು ಬಸ್ಸು ಹಿಡಿದಳು.