ಮಲ್ಪೆ ಮುಟ್ಟುವ ಮೊದಲು

ಹೊನ್ನಾವರದ ಬಂದರಿನಲ್ಲಿ ರಾಜಶೇಖರ ಇಳಿದುಹೋಗಿ ಹದಿನೇಳು ನಿಮಿಷವಾಗಿತ್ತು.

ಶಾಂಭವಿ ಹಾಯಿದೋಣಿಯ ಅಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಕಾರವಾರದಲ್ಲಿ ಒಂಬತ್ತು ನಿಮಿಷ. ತದಡಿಯಲ್ಲಿ ಹನ್ನೆರಡು. ಪ್ರತಿ ಊರಿಗೂ ಅವನಲ್ಲೊಂದು ನೆಪವಿತ್ತು. ಅಲ್ಲಿ ತಲೆನೋವಿನ ಗುಳಿಗೆ, ಆಮೇಲೆ ಪೇಪರು, ಇಲ್ಲಿ ಎಳನೀರು. ಗುಳಿಗೆ ಸಿಕ್ಕಿರಲಿಲ್ಲ. ಪೇಪರು ಖಾಲಿಯಾಗಿತ್ತಂತೆ.

ಈಗಲೂ ಬರಿಗೈಯಲ್ಲೇ ಬಂದ.

"ಎಳನೀರು?"

"ಛಲೋ ಇರಲಿಲ್ಲ, ಬಿಟ್ಟೆ."

"ಹೊನ್ನಾವರದಾಗ ಎಳನೀರು ಸಿಗಲಿಲ್ಲ. ಇನ್ನ ಧಾರವಾಡದಾಗ ಫೇಡೆ ಸಿಗಲಿಲ್ಲ ಅನ್ನೂದೊಂದು ಬಾಕಿ ಐತಿ."

ಅವನು ನಕ್ಕ. ಮೊಬೈಲನ್ನು ಮಗುಚಿ ಬೆಂಚಿನ ಮೇಲಿಟ್ಟ. ಅವನು ಯಾವಾಗಲೂ ಹಾಗೆಯೇ ಇಡುತ್ತಿದ್ದ.

ಈ ಪ್ರವಾಸ ಅವನದೇ ಯೋಚನೆ. ಕಾರವಾರದಿಂದ ಮಲ್ಪೆಗೆ ಐದು ದಿನ, ದಾರಿಯಲ್ಲಿ ಸಿಗುವ ಊರುಗಳಲ್ಲಿ ತಂಗುತ್ತ. ಹೋದ ತಿಂಗಳು ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ, ಎದೆಯ ಮೇಲಿನ ಲಿಂಗ ಮುಟ್ಟಿ ಅವನು ಆಣೆ ಮಾಡಿದ್ದ. "ಸೌಮ್ಯಾನ ವಿಷಯ ಮುಗದೈತಿ, ಶಾಂಭವಿ. ಮೈಸೂರಿಗೆ ಹೋಗಿಬಿಡೂಣು. ಇಬ್ಬರೂ ಹೊಸದಾಗಿ ಸುರು ಮಾಡೂಣು."

ಅವಳು ನಂಬಿದ್ದಳು. ಪೂರ್ತಿಯಾಗಿ ಅಲ್ಲ, ರಾಜೀನಾಮೆ ಬರೆಯುವಷ್ಟು. ಹದಿಮೂರು ವರ್ಷ ಪಾಠ ಹೇಳಿದ ಕಾಲೇಜಿಗೆ ಬರೆದ ಪತ್ರ, ಸಹಿಯಾಗಿ, ಅಂಟಿಸಿದ ಲಕೋಟೆಯಲ್ಲಿ ಅವಳ ಚೀಲದಲ್ಲಿತ್ತು. ಮಲ್ಪೆಯಲ್ಲಿ ಇಳಿದ ಕೂಡಲೇ ಅಂಚೆ ಡಬ್ಬಿಗೆ ಹಾಕುವುದು. ಸೌಮ್ಯಾನ ವಿಷಯ ಖರೇನೇ ಮುಗಿದಿದ್ದರೆ.

ಅವಳ ಮೊಬೈಲು ಗುಂಯ್‌ಗುಟ್ಟಿತು. ನವನಗರದ ಮನೆಯಿಂದ ಚನ್ನಯ್ಯ. "ಸಿಲಿಂಡರ್ ಬಂತು. ಮಲ್ಲಿಗಿ ಗಿಡಕ್ಕ ನೀರ ಹಾಕೇನಿ. ಮನಿ ಕಡೆ ಚಿಂತಿ ಬ್ಯಾಡ."

"ಸರಿ" ಎಂದಷ್ಟೇ ಬರೆದು ಅವಳೂ ಮೊಬೈಲನ್ನು ಮಗುಚಿಟ್ಟಳು.

ದೋಣಿಯಲ್ಲಿ ಇನ್ನೊಂದು ಜೋಡಿಯಿತ್ತು, ಪಂಢರಿನಾಥರಾಯರು ಮತ್ತು ಕಾಶೀಬಾಯಿ. ಅವರು ಧಾರವಾಡದವರು ಎಂದು ಗೊತ್ತಾದ ಕೂಡಲೇ ರಾಜಶೇಖರ "ನಾವು ಬೆಳಗಾವಿ ಕಡೆಯವರ್ರಿ" ಅಂದುಬಿಟ್ಟಿದ್ದ. ಆಮೇಲೆ ಅವಳ ಕಿವಿಯಲ್ಲಿ, "ಊರವರು ಅಂದರ ಐದು ದಿನ ಬೆನ್ನ ಬಿಡೂದಿಲ್ಲ."

ಕಾಶೀಬಾಯಿ ಹೇಗೂ ಬಿಟ್ಟಿರಲಿಲ್ಲ. "ಏನವಾ, ಗಂಡನ್ನ ಹೆಸರ ಹಿಡದು ಕರೀತೀಯಲ್ಲ! ನಂದು ನಲವತ್ತು ವರ್ಷದಿಂದ ‘ಏನ್ರಿ, ಕೇಳಿದ್ರೇನ್ರಿ’ ಅಷ್ಟ."

"ರೂಢಿ ಆಗೇತ್ರಿ," ಎಂದು ಶಾಂಭವಿ ಮಾತು ತಿರುಗಿಸಿದ್ದಳು.

ಮುರುಡೇಶ್ವರದಲ್ಲಿ ಅವಳು ಅವನ ಹಿಂದೆಯೇ ಇಳಿದಳು.

ಶಂಖ, ಕಪ್ಪೆಚಿಪ್ಪಿನ ಸರ ಮಾರುವ ಅಂಗಡಿಗಳ ಹಿಂದೆ, ಗೋಡೆಗೆ ಒರಗಿ ಅವನು ನಿಂತಿದ್ದ. ಮೊಬೈಲು ಕಿವಿಗಿತ್ತು. ಅವಳ ಜೊತೆ ಇಂಥ ದನಿಯಲ್ಲಿ ಅವನು ಎಂದೂ ಮಾತಾಡಿರಲಿಲ್ಲ.

"ಗುಳಿಗಿ ತಗೊಂಡಿಯಿಲ್ಲೋ?... ಇಲ್ಲ ಸೌಮ್ಯಾ, ಕಂಪನಿ ಕೆಲಸನ. ಒಬ್ಬನ ಅದೇನಿ... ಹುಚ್ಚಿ, ನಿನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ? ಬುಧವಾರ ಬರ್ತೇನಿ."

ಒಬ್ಬನೇ ಇದ್ದೇನೆ. ಶಾಂಭವಿ ಆ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಒಂದೇ ಹಾಸಿಗೆಯಲ್ಲಿ ಮಲಗಿದವಳು, ಒಂದೇ ಲೋಟದಲ್ಲಿ ಚಹಾ ಕುಡಿದವಳು, ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ದೋಣಿಗೆ ಮರಳಿ ಲಕೋಟೆಯನ್ನು ನಾಲ್ಕಾಗಿ ಹರಿದಳು. ಚೂರುಗಳನ್ನು ಕಡಲಿಗೆ ಹಾಕಲು ಮನಸ್ಸಾಗಲಿಲ್ಲ. ಚೀಲದಲ್ಲೇ ಇಟ್ಟುಕೊಂಡಳು. ಅವನು ಬಂದು "ಯಾಕ, ಮಾರಿ ಸಣ್ಣ ಆಗೇತಿ?" ಎಂದು ಕೇಳಿದಾಗ "ಬಿಸಲು" ಅಂದಳು.

ಮರುದಿನ ಮಧ್ಯಾಹ್ನ ದೂರದಲ್ಲಿ ತೆಂಗಿನ ಸಾಲು ಕಂಡಿತು. "ಇನ್ನೊಂದು ಗಂಟೆ, ಮಲ್ಪೆ," ಎಂದ ದೋಣಿ ನಡೆಸುತ್ತಿದ್ದ ಹಫೀಜ. ಕಾಶೀಬಾಯಿ ಫೇಡೆಯ ಡಬ್ಬಿ ಬಿಚ್ಚಿದರು. ಅಂದಿಗೆ ಅವರ ಮದುವೆಯಾಗಿ ನಲವತ್ತು ವರ್ಷ.

"ಪುಕ್ಕಟೆ ಸಿಗೂದಿಲ್ಲ! ಮೊದಲು ಗಂಡನ ಹೆಸರಿಟ್ಟು ಒಡಪು ಹೇಳಬೇಕು, ಆಮ್ಯಾಲೆ ಫೇಡೆ. ನಂದ ಮೊದಲು ಕೇಳ್ರಿ: ಅರಬ್ಬಿ ಕಡಲಾಗ ಬೆಳ್ಳನ ಹಾಯಿ, ಪಂಢರಿನಾಥರ ಹೆಸರ ಹೇಳತಾಳ ಕಾಶೀಬಾಯಿ!"

ರಾಯರು ನಾಚಿ ಕಡಲಿನ ಕಡೆ ತಿರುಗಿದರು. ಹಫೀಜ ಚಪ್ಪಾಳೆ ತಟ್ಟಿದ.

"ಹೂಂ, ಈಗ ನಿನ್ನ ಪಾಳಿ ಶಾಂಭವಿ."

"ಆಕಿಗೆ ಬರೂದಿಲ್ಲ ಬಿಡ್ರಿ," ಎಂದ ರಾಜಶೇಖರ, ತುಸು ಅವಸರದಲ್ಲಿ.

"ನೀವು ಸುಮ್ಮನಿರ್ರಿ. ಒಡಪು ಬರದ ಹೆಣ್ಮಗಳು ನಮ್ಮ ಕಡೆ ಎಲ್ಲಿದ್ದಾಳ?"

ಬರುತ್ತಿತ್ತು. ಒಂದೇ ಒಂದು. ತಾಯಿ ಕಲಿಸಿದ್ದು. ಮದುವೆಯ ದಿನ ಸುಳ್ಳ ಎಂಬ ಊರಿನ ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿದಾಗ ಮೊದಲ ಸಲ ಹೇಳಿದ್ದು. ಆಮೇಲೆ ಹನ್ನೊಂದು ವರ್ಷ, ಯಾರ ಮನೆಯ ಕಾರ್ಯವಾದರೂ, ಅದನ್ನೇ ಹೇಳಿದ್ದು.

ರಾಜಶೇಖರ ಕಣ್ಣಲ್ಲೇ ಬೇಡ ಅಂದ. ಅವನನ್ನೇ ನೋಡುತ್ತ ಶಾಂಭವಿ ತಲೆಯ ಮೇಲೆ ವೇಲು ಎಳೆದುಕೊಂಡಳು. ನಾಲಿಗೆ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು.

"ಕೆಲಗೇರಿ ಕೆರಿಯಾಗ ತಾವರಿ ಹೂವ, ಚನ್ನಯ್ಯನವರ ಹೆಸರ ಹೇಳಿ ಮರೀತೇನಿ ನೋವ."