ಅದೇ ಮಾಡೆಲ್ಲಿನ ಕಾರು

ತನ್ನ ಅಪ್ಪ ಓಡಿಸುತ್ತಿದ್ದ ಸಾವಿರದ ಒಂಬೈನೂರ ನಲವತ್ತೆಂಟರ ಕಾರಿಗೆ ಆತ ಸಿಲಿಂಡರ್ ಹೆಡ್ ಹುಡುಕಲು ಹತ್ತಿ ಒಂಬತ್ತು ವರ್ಷವಾಗಿತ್ತು. ಬಿರುಕು ಬಿಟ್ಟಿದ್ದ ಹಳೆಯದಕ್ಕೆ ವೆಲ್ಡಿಂಗ್ ನಿಲ್ಲಲಿಲ್ಲ, ಬೇರೆ ಕಾರುಗಳದ್ದು ಇಂಜಿನ್ನಿನ ಮೇಲೆ ಕೂರಲಿಲ್ಲ. ಮೈಸೂರಿನಲ್ಲಿ ಒಬ್ಬರ ಹತ್ತಿರ ಅದೇ ಮಾಡೆಲ್ ಇದೆಯೆಂದು ಕೇಳಿ ಆತ ಹುಡುಕಿಕೊಂಡು ಬಂದ. ಬಾಗಿಲು ತೆರೆದದ್ದು ಆ ಮನೆಯ ಹೆಂಗಸು.

"ಯಜಮಾನ್ರು ತೀರಿಕೊಂಡು ಮೂರು ತಿಂಗಳಾಯ್ತು. ಹೋದ ವಾರ ಗುಜರಿಯವರು ಕಾರನ್ನ ತುಂಡು ಮಾಡಿ ತಗೊಂಡು ಹೋದ್ರು."

"ಸಿಲಿಂಡರ್ ಹೆಡ್ಡೂ ಹೋತೇನ್ರೀ ಅಮ್ಮಾ?"

"ಎರಡಿದ್ವು. ಎರಡೂ ಹೋದ್ವು. ಕರಗಿಸಿಯೂ ಆಯ್ತಂತೆ."

ಆತ ಅಲ್ಲೇ ಮೆಟ್ಟಿಲ ಮೇಲೆ ಕೂತ. ಆಕೆ ಒಳಗಿಂದ ನೀರು ತಂದುಕೊಟ್ಟರು.

"ನಮ್ಮವರಿಗೆ ಬೇಕಾಗಿದ್ದದ್ದು ಕಾರ್ಬುರೇಟರ್. ಅದನ್ನ ಯಾರು ಕೊಟ್ರೂ ಒಂದು ಹೆಡ್ ಕೊಟ್ಟುಬಿಡ್ತೀನಿ ಅಂತಿದ್ರು. ಹುಬ್ಬಳ್ಳಿಯವರೊಬ್ಬರ ಹತ್ರ ಎರಡಿದಾವೆ ಅಂತ ಗೊತ್ತಾಗಿ ಆರು ಸಲ ಫೋನ್ ಮಾಡಿದ್ರು. ಬದಲಿಗೆ ಏನು ಕೊಡ್ತೀನಿ ಅಂತ ಹೇಳೋಕೂ ಬಿಡದೆ, ಇಲ್ಲವೇ ಇಲ್ಲ ಅಂದು ಇಟ್ಟುಬಿಡ್ತಿದ್ರಂತೆ ಆ ಪುಣ್ಯಾತ್ಮ."

ಆತ ತಲೆಯೆತ್ತದೆ ನೀರು ಕುಡಿದ.

"ತಾವು ಯಾವ ಊರಿನೋರು?"

"ದಾವಣಗೆರಿ ರೀ," ಎಂದ, ಹುಬ್ಬಳ್ಳಿಯ ಮನೆಯ ಅಟ್ಟದಲ್ಲಿ ಎರಡು ಕಾರ್ಬುರೇಟರುಗಳನ್ನು ಅಪ್ಪನ ಧೋತರದಲ್ಲಿ ಸುತ್ತಿಟ್ಟು ಬಂದಿದ್ದ ಆತ.